ಹತ್ತು ಗಂಟೆಯ ವಿಡಿಯೋ

ಮಾರ್ಚ್ ೪, ಸೋಮವಾರ

ಇವತ್ತಿನಿಂದ ಫೋನ್ ನೋಡುವುದೇ ನನ್ನ ಕೆಲಸ. ಕೆಲಸದ ವೇಳೆಯಲ್ಲಿ ಫೋನ್ ನೋಡಿದ್ದಕ್ಕೆ ಎಷ್ಟು ಸೈನಿಕರಿಗೆ ಬೆವರಿಳಿಸಿದ್ದೇನೋ, ಅವರೆಲ್ಲ ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಿರಬೇಕು.

ಒಂಬತ್ತು ವರ್ಷ ನದಿಗಳ ಮೇಲೆ ತೇಲು ಸೇತುವೆ ಕಟ್ಟಿದವಳು ನಾನು. ಉಕ್ಕಿನ ದೋಣಿಗಳನ್ನು ಸಾಲಾಗಿ ನಿಲ್ಲಿಸಿ, ಒಂದಕ್ಕೊಂದು ಬಿಗಿದು, ಮೇಲೆ ಲಾರಿ ಹಾಯಿಸುವ ಕೆಲಸ. ಜನವರಿಯಲ್ಲಿ ಮಂಡಿ ತಿರುಚಿಕೊಂಡಿತು. ಮೂರು ತಿಂಗಳು ನೀರಿನ ಕಡೆ ಸುಳಿಯಬೇಡಿ ಎಂದರು ಡಾಕ್ಟರು. ಕ್ಯಾಪ್ಟನ್ ಒಬ್ಬಳನ್ನು ಸುಮ್ಮನೆ ಕೂರಿಸಲು ಮನಸ್ಸು ಬಾರದೆ ಕರ್ನಲ್ ಸಾಹೇಬರು ನನ್ನನ್ನು ರೆಜಿಮೆಂಟಿನ ಸೋಷಿಯಲ್ ಮೀಡಿಯಾ ಅಧಿಕಾರಿ ಮಾಡಿದ್ದಾರೆ. ರೆಜಿಮೆಂಟಿನ ಪುಟ ನಡೆಸಬೇಕು, ಹುಡುಗರು ತಮ್ಮ ತಮ್ಮ ಖಾತೆಗಳಲ್ಲಿ ಏನು ಹಾಕುತ್ತಾರೆ ಎಂದು ಕಣ್ಣಿಡಬೇಕು.

ಕೊಟ್ಟ ಕೋಣೆ ಹಿಂದೆ ಟೈರ್ ಇಡುವ ಉಗ್ರಾಣವಾಗಿತ್ತಂತೆ. ಇನ್ನೂ ರಬ್ಬರಿನ ವಾಸನೆ ಹೋಗಿಲ್ಲ. ಕಿಟಕಿಯಾಚೆ ಲಾರಿ ತೊಳೆಯುವ ಜಾಗ. ಜೊತೆಗೆ ಒಬ್ಬ ಗುಮಾಸ್ತ. ಎಲ್ಲರೂ ಅವನನ್ನು ರೇಡಿಯೋ ಎನ್ನುತ್ತಾರೆ, ಬೆಳಿಗ್ಗೆ ಬಾಯಿ ತೆರೆದರೆ ಸಂಜೆ ಮುಚ್ಚುತ್ತಾನೆ. ಈ ಬಾಯಿಬಡುಕನನ್ನೇ ಗುಟ್ಟು ಕಾಯುವ ಕೆಲಸಕ್ಕೆ ಹಾಕಿದ ಪುಣ್ಯಾತ್ಮ ಯಾರೋ ಕಾಣೆ.

ಇದೆಲ್ಲ ಯಾಕೆ ಎಂದು ಕರ್ನಲ್ ಸಾಹೇಬರನ್ನು ಕೇಳಿಯೇಬಿಟ್ಟೆ. ಹೋದ ವರ್ಷ ಇನ್ನೊಂದು ರೆಜಿಮೆಂಟಿನಲ್ಲಿ ಒಬ್ಬ ಹುಡುಗ ತೀರಿಕೊಂಡ. ಮನೆಗೆ ಸುದ್ದಿ ಹೇಳಲು ಇಬ್ಬರು ಅಧಿಕಾರಿಗಳು ಹೊರಟಿದ್ದರು. ಅಷ್ಟರಲ್ಲಿ ಅವನ ಗೆಳೆಯನೊಬ್ಬ ಫೋಟೋ ಜೊತೆ ಮೇಣದಬತ್ತಿಯ ಚಿತ್ರ ಹಾಕಿಬಿಟ್ಟ. ಹುಡುಗನ ತಾಯಿ ಅದನ್ನು ನೋಡಿದ್ದು ಬಸ್ ನಿಲ್ದಾಣದಲ್ಲಿ, ತರಕಾರಿ ಚೀಲ ಹಿಡಿದುಕೊಂಡು. ಇಷ್ಟು ಹೇಳಿ ಸಾಹೇಬರು ಕನ್ನಡಕ ತೆಗೆದರು.

"ಮನೆ ಬಾಗಿಲು ತಟ್ಟೋಕೆ ಮುಂಚೆ ಫೋನ್ ಬಡ್ಕೋಬಾರದು. ನಿಮ್ಮ ಕೆಲಸ ಅಷ್ಟೇ. ಉಳಿದಿದ್ದೆಲ್ಲ ಅಲಂಕಾರ" ಎಂದರು.

ಮಂಡಿ ಸರಿಹೋದ ದಿನವೇ ನದಿಗೆ ಕಳಿಸಬೇಕು ಎಂದು ಕೇಳಿಕೊಂಡೆ. ನೋಡೋಣ ಎಂದರು. ಅವರ ನೋಡೋಣ ಎಷ್ಟು ಉದ್ದ ಎಂದು ನನಗೆ ಗೊತ್ತಿದೆ.

ಮಾರ್ಚ್ ೬, ಬುಧವಾರ

ಹುಡುಗರಿಗೆ ಮೊದಲ ಪಾಠ ಮಾಡಿದೆ. ಸಮವಸ್ತ್ರದಲ್ಲಿ ಕುಣಿಯುವಂತಿಲ್ಲ, ರಾಜಕೀಯ ಮಾತಾಡುವಂತಿಲ್ಲ, ಎಲ್ಲಿದ್ದೇವೆ, ಎಲ್ಲಿಗೆ ಹೊರಟಿದ್ದೇವೆ ಎಂದು ಬಾಯಿ ಬಿಡುವಂತಿಲ್ಲ, ಮೇಲಿನವರ ಮೇಲೆ ಸಿಟ್ಟು ಬಂದರೆ ಗೋಡೆಗೆ ಹೇಳಿಕೊಳ್ಳಿ, ಫೋನಿಗಲ್ಲ. ಗಾಯ, ಸಾವು ಏನೇ ಆದರೂ ರೆಜಿಮೆಂಟ್ ಹೇಳುವ ತನಕ ಒಂದಕ್ಷರ ಬರೆಯುವಂತಿಲ್ಲ. ಹಿಂದಿನ ಸಾಲಿನಿಂದ ಒಬ್ಬ, ಹೆಂಡತಿ ಫೋಟೋಗೆ ಲೈಕ್ ಕೊಡಬಹುದಾ ಮೇಡಂ ಎಂದ. ಕೊಡದಿದ್ದರೆ ಏನಾಗುತ್ತೆ ಅಂತ ನಿನಗೇ ಗೊತ್ತು ಎಂದೆ. ಸಭೆ ನಕ್ಕಿತು.

ಆಮೇಲೆ ಅಡುಗೆಯವನನ್ನು ಎದ್ದು ನಿಲ್ಲಿಸಿದೆ. ಅವನು ದೊಡ್ಡ ಪಾತ್ರೆಯ ಮುಂದೆ ನಿಂತು ಫೋಟೋ ಹಾಕಿದ್ದಾನೆ. ಪಾತ್ರೆಯ ಹಿಂದೆ ಗೋಡೆಯ ಹಲಗೆಯಲ್ಲಿ ಇವತ್ತು ಎಷ್ಟು ಜನಕ್ಕೆ ಅಡುಗೆ ಎಂದು ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿದೆ. ಶಿಬಿರದಲ್ಲಿ ಎಷ್ಟು ತಲೆ ಇದೆ ಎಂದು ಊರಿಗೆಲ್ಲ ಡಂಗುರ ಹೊಡೆದ ಹಾಗಾಯಿತು. ಎಲ್ಲರೆದುರು ಚೆನ್ನಾಗಿ ಝಾಡಿಸಿದೆ. ಇಷ್ಟು ದೊಡ್ಡ ಪಾತ್ರೆ ನಮ್ಮಮ್ಮ ನೋಡಿರಲಿಲ್ಲ ಮೇಡಂ, ಅದಕ್ಕೆ ಹಾಕಿದೆ ಎಂದ. ಅಮ್ಮನಿಗೆ ಸೌಟು ತೋರಿಸು, ಹಲಗೆ ಬೇಡ ಎಂದೆ. ಮತ್ತೆ ನಗು. ಅವನು ಮಾತ್ರ ನಗಲಿಲ್ಲ. ಶಿಸ್ತು ಎಂದ ಮೇಲೆ ಯಾರಿಗಾದರೂ ಚುರುಕು ಮುಟ್ಟಲೇಬೇಕು.

ಮಾರ್ಚ್ ೯, ಶನಿವಾರ

ಮಾನ ಹೋಯಿತು. ಕರ್ನಲ್ ಸಾಹೇಬರು ದೋಣಿಗಳನ್ನು ಪರಿಶೀಲಿಸುವ ಫೋಟೋ ಹಾಕಿದ್ದೆ. ಮೊದಲ ಕಮೆಂಟೇ ನನ್ನ ಚಿಕ್ಕಮ್ಮನದು. ನನ್ನನ್ನು ಸಾಕಿ ಬೆಳೆಸಿದ ಚಿಕ್ಕಮ್ಮ. ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ, ಗಿರಾಕಿ ಇಲ್ಲದಾಗೆಲ್ಲ ಫೋನ್ ಕೈಯಲ್ಲಿರುತ್ತದೆ. "ನಮ್ಮ ಹುಡುಗಿ ಎಲ್ಲಿ? ಮಂಡಿ ಮಡಚೋಕೆ ಆಗ್ತಿದೆಯೋ ಇಲ್ವೋ ಯಾರಾದ್ರೂ ನೋಡಿ ಹೇಳಿ. ನಡುವೆ ನಿಂತಿರೋರು ಒಂಚೂರು ನಕ್ಕಿದ್ರೆ ಏನು ಗಂಟು ಹೋಗ್ತಿತ್ತು?"

ನಡುವೆ ನಿಂತಿರೋರು ಕರ್ನಲ್ ಸಾಹೇಬರು. ನಾನು ನೋಡುವಷ್ಟರಲ್ಲಿ ಅದಕ್ಕೆ ಇನ್ನೂರು ಲೈಕ್ ಬಿದ್ದಿತ್ತು, ಅರ್ಧಕ್ಕರ್ಧ ನಮ್ಮದೇ ಹುಡುಗರವು. ರೇಡಿಯೋ ಮುಖ ಆ ಕಡೆ ತಿರುಗಿಸಿಕೊಂಡು ಭುಜ ಕುಣಿಸುತ್ತಿದ್ದ.

ಚಿಕ್ಕಮ್ಮನಿಗೆ ಫೋನ್ ಮಾಡಿ ರೇಗಿದೆ. ಇದು ಸೈನ್ಯದ ಪುಟ, ನಮ್ಮ ಮನೆ ಜಗಲಿಯಲ್ಲ, ಇನ್ನೊಂದು ಸಲ ಬರೆದರೆ ನಿನ್ನನ್ನು ಬ್ಲಾಕ್ ಮಾಡುತ್ತೇನೆ ಎಂದೆ. ಅವಳು ಹೊಲಿಗೆ ಮೆಷಿನ್ ನಿಲ್ಲಿಸದೆಯೇ ಮಾತಾಡಿದಳು. "ಹಾಗಾದ್ರೆ ನೀನು ದಿನಾ ಫೋನ್ ಮಾಡು. ನಿನ್ನ ಪುಟಕ್ಕೆ ಯಾಕೆ ಬರ್ತೀನಿ ನಾನು? ನನಗೇನು ಸೇತುವೆ ನೋಡೋ ಚಟವೇನೆ?"

ಕರ್ನಲ್ ಸಾಹೇಬರು ಏನೂ ಅನ್ನಲಿಲ್ಲ. ಆದರೆ ಸಂಜೆ ಎದುರಿಗೆ ಸಿಕ್ಕಾಗ ಒಂಚೂರು ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮಾರ್ಚ್ ೧೩, ಬುಧವಾರ

ನಮ್ಮ ರೆಜಿಮೆಂಟಿನ ಸೇತುವೆ ಕಂಪನಿಯಲ್ಲಿ ಎಲ್ಲರೂ ಹೀರೋ ಎಂದು ಕರೆಯುವವನು ಸಿಕ್ಕಿಬಿದ್ದ. ಹೆಸರಿಗೆ ತಕ್ಕ ಹೀರೋನೇ. ದೋಣಿ ನಡೆಸುವುದರಲ್ಲಿ ಅವನ ಕೈ ನಾನೇ ಬಲ್ಲೆ, ಮೂರು ವರ್ಷ ನನ್ನ ಕೈಕೆಳಗೇ ಇದ್ದ. ಆಸಾಮಿ ಸಮವಸ್ತ್ರದಲ್ಲಿ, ತಲೆಗೆ ಲೈಫ್ ಜಾಕೆಟ್ ಕಟ್ಟಿಕೊಂಡು, ದೋಣಿಯ ತುದಿಯಲ್ಲಿ ಕುಣಿದ ವಿಡಿಯೋ ಹಾಕಿದ್ದಾನೆ. ಕರೆಸಿ ನಿಲ್ಲಿಸಿದೆ. ನಮ್ಮ ಬಟ್ಟೆಗೆ ಒಂದು ಮರ್ಯಾದೆ ಇದೆ, ನೀನು ಕುಣಿದರೆ ಇಡೀ ರೆಜಿಮೆಂಟ್ ಕುಣಿದಂತೆ ಎಂದೆ.

"ಅಳಿಸ್ತೀನಿ ಮೇಡಂ. ಆದ್ರೆ ಒಂದು ಸಲ ಪೂರ್ತಿ ನೋಡಿ ಬೈದ್ರೆ ನನಗೂ ಸಮಾಧಾನ" ಎಂದ.

ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಮೂರು ಸಲ ನೋಡಿದೆ. ಪರಿಶೀಲನೆಗಾಗಿ.

ಮಂಡಿ ಇವತ್ತು ಮೆಟ್ಟಿಲ ಮೇಲೆ ಕೈಕೊಟ್ಟಿತು. ಹೊರಗೆ ಸೇತುವೆ ಲಾರಿಗಳು ಸಾಲಾಗಿ ನದಿಗೆ ಹೊರಟವು. ಕಿಟಕಿ ಮುಚ್ಚಿಬಿಟ್ಟೆ. ಸದ್ದು ನಿಲ್ಲಲಿಲ್ಲ.

ಮಾರ್ಚ್ ೧೯, ಮಂಗಳವಾರ

ಹೀರೋನ ಬಾಯಿ ಮುಚ್ಚಿಸುವುದಕ್ಕಿಂತ ಅದನ್ನು ಕೆಲಸಕ್ಕೆ ಹಚ್ಚುವುದು ವಾಸಿ ಎಂದು ಕರ್ನಲ್ ಸಾಹೇಬರನ್ನು ಒಪ್ಪಿಸಿದೆ. ರೆಜಿಮೆಂಟಿನ ಪುಟಕ್ಕೆ, ನಿಯಮದೊಳಗೇ, ತೇಲು ಸೇತುವೆಯ ಬಗ್ಗೆ ಅವನು ಹೇಳುವುದು. ಹಿನ್ನೆಲೆಯಲ್ಲಿ ಗುರುತು ಸಿಗುವ ಗುಡ್ಡ, ರಸ್ತೆ, ದೋಣಿಯ ಮೇಲಿನ ನಂಬರು ಯಾವುದೂ ಕಾಣದಂತೆ ಅರ್ಧ ದಿನ ಒದ್ದಾಡಿ ಕ್ಯಾಮೆರಾ ನಿಲ್ಲಿಸಿದೆವು.

ಒಂದು ಬಕೆಟ್ ನೀರಿಗೆ ಅಂಚಿಲ್ಲದ ಚಪ್ಪಟೆ ಸ್ಟೀಲ್ ತಟ್ಟೆ ಬಿಟ್ಟ, ಮುಳುಗಿತು. ಸ್ಟೀಲ್ ಬಟ್ಟಲು ಬಿಟ್ಟ, ತೇಲಿತು. "ಎರಡೂ ಒಂದೇ ಸ್ಟೀಲು, ಒಂದೇ ಅಂಗಡಿ. ಬಟ್ಟಲು ಒಂಚೂರು ಬಗ್ಗಿದೆ, ಉಳ್ಕೊಂಡಿದೆ. ಮನೇಲೂ ಅಷ್ಟೇ, ನಾನು ಬಟ್ಟಲು" ಎಂದ ಕ್ಯಾಮೆರಾ ಕಡೆ ನೋಡಿ. ರೇಡಿಯೋ ನಕ್ಕ ಸದ್ದು ವಿಡಿಯೋದಲ್ಲಿ ಸೇರಿಹೋಯಿತು. ಮತ್ತೆ ತೆಗೆಯೋಣ ಎಂದೆ. ಆಮೇಲೆ ಇರಲಿ ಎಂದೆ.

ಮಾರ್ಚ್ ೨೨, ಶುಕ್ರವಾರ

ಬಟ್ಟಲ ವಿಡಿಯೋ ಎಲ್ಲೆಲ್ಲೋ ಓಡಾಡುತ್ತಿದೆ. ಶಾಲೆಯೊಂದರ ಮೇಷ್ಟ್ರು ಮಕ್ಕಳಿಗೆ ತೋರಿಸಿದೆ ಎಂದು ಬರೆದಿದ್ದಾರೆ. ಕಮೆಂಟುಗಳಲ್ಲಿ ಒಂದು ಹೀರೋನ ಹೆಂಡತಿಯದು. ಆಕೆ ಬೇರೆ ಊರಿನಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ನಾಲ್ಕು ವರ್ಷದ ಮಗಳಿದ್ದಾಳೆ. "ಇವರು ಬಟ್ಟಲಂತೆ. ಮನೇಲಿ ಒಂದು ಮೊಳೆ ಹೊಡೆಯೋಕೆ ಬರಲ್ಲ, ಸೇತುವೆ ಕಟ್ತಾರಂತೆ. ಆ ಕಡೆ ಹೋಗೋರು ಹುಷಾರು."

ಚಿಕ್ಕಮ್ಮ ಅದಕ್ಕೆ ಉತ್ತರ ಬರೆದಿದ್ದಾಳೆ: "ನಮ್ಮನೆ ಹುಡುಗೀಗೂ ಸೂಜಿಗೆ ದಾರ ಪೋಣಿಸೋಕೆ ಬರಲ್ಲ ಕಣಮ್ಮ. ಎಲ್ಲಾ ಹೀಗೇ." ಇಬ್ಬರೂ ಸೇರಿ ಹರಟೆ ಶುರು ಹಚ್ಚಿಕೊಂಡಿದ್ದಾರೆ. ಅಳಿಸಬೇಕೆಂದು ಬೆರಳು ಇಟ್ಟೆ. ಕೆಲಸ ಬಂತು, ಮರೆತೆ.

ಮಾರ್ಚ್ ೨೮, ಗುರುವಾರ

ಎರಡನೆಯ ವಿಡಿಯೋ ಹೋಯಿತು, ಹಗ್ಗದ ಗಂಟುಗಳ ಬಗ್ಗೆ. ಮೂರನೆಯದನ್ನೂ ತೆಗೆದಾಯಿತು. ಸೇತುವೆ ಸಿದ್ಧವಾದಾಗ ಅದನ್ನು ಕಟ್ಟಿದವರಲ್ಲೊಬ್ಬ ಮೊದಲು ಒಬ್ಬನೇ ನಡೆದು ದಾಟಬೇಕು, ಆಮೇಲೆಯೇ ಲಾರಿ. ಅದು ನಮ್ಮ ಕಂಪನಿಯ ಪದ್ಧತಿ. ಹೀರೋ ಆಚೆ ದಡದಿಂದ ನಮ್ಮ ಕಡೆಗೆ ನಡೆದು ಬರುತ್ತಾನೆ. ಬರುತ್ತ ಬರುತ್ತ, ನಾನೇ ಕಟ್ಟಿದ್ದು, ನಾನೇ ನಂಬದಿದ್ದರೆ ನೀವು ಹೇಗೆ ನಂಬುತ್ತೀರಿ ಎನ್ನುತ್ತಾನೆ. ಆರು ಸಲ ತೆಗೆದೆವು, ಆರು ಸಲವೂ ಆ ಮಾತಿಗೆ ಬಂದಾಗ ನಕ್ಕುಬಿಟ್ಟ. ಏಳನೆಯದು ಒಪ್ಪಿಗೆಯಾಯಿತು.

ಅವನು ಸೇತುವೆಯ ಮೇಲೆ ನಡೆಯುವುದನ್ನು ನೋಡುತ್ತ ನನ್ನ ಪಾದಗಳಿಗೆ ತುರಿಕೆ ಬಂದಂತಾಯಿತು. ಈ ಕೋಣೆಯಿಂದ ಯಾವಾಗ ಬಿಡುಗಡೆಯೋ.

ಏಪ್ರಿಲ್ ೨, ಮಂಗಳವಾರ

ಗುರುವಾರ, ಶುಕ್ರವಾರ ನದಿಯಲ್ಲಿ ಸೇತುವೆ ಕಟ್ಟುವ ದೊಡ್ಡ ಅಭ್ಯಾಸ. ದಡದಲ್ಲಿ ನಿಂತು ನೋಡಲಾದರೂ ಬಿಡಿ ಎಂದು ಕರ್ನಲ್ ಸಾಹೇಬರ ಬೆನ್ನು ಬಿದ್ದೆ. ನೋಡೋಣ ಎಂದರು. ಈ ಸಲದ ನೋಡೋಣ ಹೂಂ ಎನ್ನುವಂತೆಯೇ ಕೇಳಿಸಿತು. ಉತ್ಸಾಹದಲ್ಲಿ ಕೂತು ಇಡೀ ವಾರದ ಪೋಸ್ಟುಗಳಿಗೆಲ್ಲ ಟೈಮ್ ಹಾಕಿಟ್ಟೆ. ದಿನ, ಗಂಟೆ ಒತ್ತಿಬಿಟ್ಟರೆ ಅವು ತಾವಾಗಿಯೇ ಹೋಗುತ್ತವೆ, ಯಾರೂ ಮುಟ್ಟಬೇಕಿಲ್ಲ. ಸೋಮವಾರದ ತನಕ ಈ ರಬ್ಬರ್ ವಾಸನೆಯ ಕೋಣೆಯ ಮುಖ ನೋಡಬೇಕಿಲ್ಲ. ಇಂಥ ಸೌಕರ್ಯ ಇದೆ ಎಂದು ಮೊದಲೇ ಗೊತ್ತಿದ್ದರೆ ಎಷ್ಟು ದಿನ ಉಳಿಯುತ್ತಿತ್ತು.

ಏಪ್ರಿಲ್ ೩, ಬುಧವಾರ

ಇಲ್ಲ ಅಂದರು. ನೀರು ಜೋರಾಗಿದೆ, ಕುಂಟುಗಾಲಲ್ಲಿ ಬೇಡ ಅಂದರು. ಬರೆಯಲು ಮನಸ್ಸಿಲ್ಲ.

ಏಪ್ರಿಲ್ ೫, ಶುಕ್ರವಾರ, ಬೆಳಿಗ್ಗೆ

ಹೀರೋ ಹೋದ.

ಬೆಳಕು ಹರಿಯುವ ಹೊತ್ತಿಗೆ ಒಂದು ದೋಣಿಯ ಹಗ್ಗ ಕಿತ್ತುಹೋಗಿದೆ. ಅದನ್ನು ತಿರುಗಿಸಲು ಹೋದವನು ಎರಡು ದೋಣಿಗಳ ನಡುವೆ ಸಿಕ್ಕಿಕೊಂಡ. ಏಳು ಗಂಟೆಗೆ ಸುದ್ದಿ ಬಂತು. ಮಾಡಬೇಕಾದ್ದನ್ನೆಲ್ಲ ಮಾಡಿದೆ. ಪುಟ ನೋಡಿಕೊಳ್ಳುವ ನಮ್ಮಿಬ್ಬರದು ಬಿಟ್ಟು ಶಿಬಿರದಲ್ಲಿ ಎಲ್ಲರ ಫೋನುಗಳನ್ನೂ ಪೆಟ್ಟಿಗೆಗೆ ಹಾಕಿಸಿದೆ. ಉಳಿದವರಿಗೆ ಒಂದಕ್ಷರ ಬರೆಯಬೇಡಿ ಎಂದು ಆಜ್ಞೆ ಹೋಯಿತು. ಅವನ ಹೆಂಡತಿಯ ಊರಿಗೆ ಹತ್ತಿರದ ಸೈನ್ಯದ ಠಾಣ್ಯದಿಂದ ಒಬ್ಬ ಮೇಜರ್, ಒಬ್ಬ ಡಾಕ್ಟರ್ ಹೊರಟಿದ್ದಾರೆ. ದಾರಿ ಮೂರು ಗಂಟೆಯದು. ಅವರು ಬಾಗಿಲು ತಟ್ಟುವ ತನಕ ನಮ್ಮ ಪುಟದಲ್ಲಿ ಏನೂ ಇರಕೂಡದು.

ರೇಡಿಯೋ ಎದುರಿಗೆ ಕೂತಿದ್ದಾನೆ, ಮಾತಿಲ್ಲ. ಇವತ್ತು ನನ್ನ ಕೆಲಸವೆಂದರೆ ಏನೂ ಮಾಡದೆ ಕೂರುವುದು. ಕೂತಿದ್ದೇನೆ. ಅಷ್ಟಾದರೂ ಸರಿಯಾಗಿ ಆಗುತ್ತಿದೆ. ಕೈ ಸುಮ್ಮನಿರುವುದಿಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ. ಒಂಬತ್ತೂ ಮುಕ್ಕಾಲು.

ಅದೇ ದಿನ, ಸಂಜೆ

ಹತ್ತು ಗಂಟೆಗೆ ರೇಡಿಯೋನ ಫೋನ್ ಟಿಂಗ್ ಎಂದಿತು. ಅವನು ನೋಡಿದ. ಫೋನನ್ನು ನನ್ನ ಮೇಜಿನ ಮೇಲೆ ಇಟ್ಟ.

ಹೀರೋ ಆಚೆ ದಡದಿಂದ ನಮ್ಮ ಕಡೆ ನಡೆದು ಬರುತ್ತಿದ್ದ.

ಮಂಗಳವಾರ ನಾನೇ ಟೈಮ್ ಹಾಕಿಟ್ಟಿದ್ದು. ಎಲ್ಲರ ಬಾಯಿ ಮುಚ್ಚಿಸಿದೆ, ಎಲ್ಲರ ಫೋನು ಕಿತ್ತಿಟ್ಟೆ, ನನ್ನದೇ ಕೈಯ ಕೆಲಸವೊಂದು ಅಲ್ಲಿ ಕೂತಿದೆ ಎಂದು ಹೊಳೆಯಲಿಲ್ಲ. ನದಿಗೆ ಹೋಗುವ ಆತುರದಲ್ಲಿ ಮಾಡಿದ್ದನ್ನು ನದಿಗೆ ಹೋಗಲಾಗದ ಸಿಟ್ಟಿನಲ್ಲಿ ಮರೆತಿದ್ದೆ. ಅಳಿಸಲು ಬೆರಳು ಒಯ್ದೆ. ಅಷ್ಟರಲ್ಲಿ ಕೆಳಗೆ ಅವನ ಹೆಂಡತಿಯ ಕಮೆಂಟು ಬಂದೇ ಬಂತು.

"ನಮ್ಮನೆಯವರು! ಅಂಗಡೀಲಿ ಎಲ್ಲರಿಗೂ ತೋರಿಸ್ತಾ ಇದೀನಿ. ಸಂಜೆ ಫೋನ್ ಮಾಡಿ ರೀ, ಕಾಯ್ತಿರ್ತೀನಿ."

ರೇಡಿಯೋ, ಬೇಗ ತೆಗೆದುಬಿಡಿ ಮೇಡಂ ಎಂದ. ಕರ್ನಲ್ ಸಾಹೇಬರು ನದಿಯಲ್ಲಿದ್ದರು, ಸಿಗಲಿಲ್ಲ. ನಾನೇ ಯೋಚಿಸಬೇಕಿತ್ತು. ಆಕೆ ಅಂಗಡಿಯವರಿಗೆಲ್ಲ ತೋರಿಸುತ್ತಿದ್ದಾಳೆ. ಕೈಯಲ್ಲಿರುವಾಗಲೇ ಗಂಡನ ವಿಡಿಯೋ ಮಾಯವಾದರೆ ಯಾಕೆ ಎಂದು ಕೇಳುತ್ತಾಳೆ. ಅವನಿಗೆ ಫೋನ್ ಮಾಡುತ್ತಾಳೆ, ಹತ್ತುವುದಿಲ್ಲ. ಅವನ ಗೆಳೆಯರಿಗೆ ಮಾಡುತ್ತಾಳೆ, ಒಬ್ಬರದೂ ಹತ್ತುವುದಿಲ್ಲ, ಎಲ್ಲ ನನ್ನ ಪೆಟ್ಟಿಗೆಯಲ್ಲಿವೆ. ಆಮೇಲೆ ಯಾರೂ ಹೇಳಬೇಕಾಗುವುದಿಲ್ಲ. ವಿಡಿಯೋ ಇರಲಿ ಎಂದೆ. ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ.

ಆಗ ಇನ್ನೊಂದು ಹೊಳೆಯಿತು. ಮೇಜರ್ ಹೊರಟಿರುವುದು ಆಕೆಯ ಮನೆಗೆ. ಮನೆಗೆ ಬೀಗ ಇರುತ್ತದೆ, ಆಕೆ ಅಂಗಡಿಯಲ್ಲಿದ್ದಾಳೆ. ಸಮವಸ್ತ್ರದವರಿಬ್ಬರು ಬೀಗದ ಮುಂದೆ ನಿಂತರೆ ಅಕ್ಕಪಕ್ಕದವರು ಆಕೆಗೆ ಫೋನ್ ಮಾಡದೆ ಇರುತ್ತಾರೆಯೇ? ದಾರಿಯಲ್ಲಿದ್ದ ಮೇಜರರನ್ನು ಹಿಡಿದು ಅಂಗಡಿಗೆ ಹೋಗಿ ಎಂದೆ. ಗಿರಾಕಿಗಳ ಮುಂದೆ ಹೇಳಬೇಡಿ, ಮೊದಲು ಮಾಲೀಕರ ಹತ್ತಿರ ಮಾತಾಡಿ, ಹಿಂದಿನ ಕೋಣೆಗೆ ಕರೆಸಿಕೊಳ್ಳಿ, ಕೂತುಕೊಂಡ ಮೇಲೆ ಹೇಳಿ ಎಂದೆಲ್ಲ ಹೇಳಿದೆ. ನನಗಿಂತ ದೊಡ್ಡ ಹುದ್ದೆಯವರು, ಆದರೂ ಹೂಂ ಹೂಂ ಎಂದು ಕೇಳಿಸಿಕೊಂಡರು. ಇನ್ನೂ ಒಂದು ಗಂಟೆ ಬೇಕು ಎಂದರು.

ಆ ಒಂದು ಗಂಟೆ. ನಾನೊಂದು ಫೋನ್, ರೇಡಿಯೋ ಒಂದು ಫೋನ್, ಕಣ್ಣಲ್ಲಿ ಕಣ್ಣಿಟ್ಟು ಕೂತೆವು. ಅವನ ಊರಿನವನ್ಯಾರೋ, ಏನೋ ಸುದ್ದಿ ಕೇಳಿದೆ, ನಿಜವಾ ಎಂದು ಬರೆದ. ತಕ್ಷಣ ಮರೆಮಾಡಿದೆ. ಇನ್ನೊಬ್ಬ ಬರೀ ಕೈಮುಗಿದ ಚಿತ್ರ ಹಾಕಿದ. ಅದನ್ನೂ ಮರೆಮಾಡಿದೆ. ಚಿಕ್ಕಮ್ಮ, ಎಷ್ಟು ಲಕ್ಷಣವಾಗಿ ನಡೀತಾನೆ ನೋಡು ಎಂದು ಬರೆದಳು. ಅದನ್ನು ಬಿಟ್ಟೆ.

ಆಮೇಲೆ ಅಡುಗೆಯವನದು ಬಂತು. ಅವನು ರಜೆಯಲ್ಲಿ ಊರಲ್ಲಿದ್ದ, ಆಜ್ಞೆ ಅವನಿಗೆ ತಲುಪಿರಲಿಲ್ಲ, ಸುದ್ದಿ ಮಾತ್ರ ಹೇಗೋ ತಲುಪಿತ್ತು. ತನ್ನ ಸ್ಟೇಟಸ್‌ನಲ್ಲಿ ಹೀರೋನ ಫೋಟೋ, ಕೆಳಗೆ, ಹೀಗೆ ಹೋಗಬಾರದಿತ್ತು ಅಣ್ಣಾ. ಕೂಡಲೇ ಫೋನ್ ಮಾಡಿದೆ. ಎತ್ತಿದವನು ಅಳುತ್ತಿದ್ದ. ನಾನು ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ಅವರ ಮನೆಯವರಿಗೆ ಇನ್ನೂ ಗೊತ್ತಿಲ್ಲಪ್ಪ, ನಿನ್ನ ದುಃಖ ನಾಳೆಯವರೆಗೆ ಜೇಬಲ್ಲಿ ಇಟ್ಕೋ, ನಾಳೆ ನಾವೆಲ್ಲ ಸೇರಿ ಅಳೋಣ ಎಂದಂತಿತ್ತು. ತೆಗೆದ. ನಾಲ್ಕು ಜನ ನೋಡಿದ್ದರು. ಆ ನಾಲ್ವರ ಹೆಸರು ಓದಿಸಿದೆ, ಆಕೆ ಇರಲಿಲ್ಲ. ಅವನು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.

ಬಂದ ಕಮೆಂಟಿಗೆಲ್ಲ ಪುಟದ ಪರವಾಗಿ ಒಂದು ಕೆಂಪು ಹಾರ್ಟ್ ಒತ್ತುವುದು ರೇಡಿಯೋ ಮಾಡಿಕೊಂಡ ರೂಢಿ. ಆಕೆಯ ಮಾತಿಗೆ ಇನ್ನೂ ಒತ್ತಿರಲಿಲ್ಲ. ಒತ್ತದಿದ್ದರೆ ಅನುಮಾನ ಬರುತ್ತೇನೋ ಮೇಡಂ ಎಂದ. ಸಣ್ಣ ವಿಷಯ. ಆದರೆ ಕೈ ಬರಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಆಕೆಗೆ ಹಾರ್ಟ್ ಒತ್ತುವುದೇ? ಬೇಡ ಎಂದೆ.

ಹತ್ತೂವರೆಗೆ ಆಕೆ ಪುಟಕ್ಕೇ ಕೇಳಿದಳು: "ಇವರ ಫೋನ್ ಆಫ್ ಬರ್ತಿದೆ. ಅಭ್ಯಾಸ ಮುಗೀತಾ? ಯಾರಾದ್ರೂ ಹೇಳಿ."

ಒಂದು ಸಾಲು ಸಾಕಾಗಿತ್ತು. ಅಭ್ಯಾಸ ಇನ್ನೂ ನಡೀತಿದೆ ಎಂದರೆ ಆಕೆ ಸುಮ್ಮನಾಗುತ್ತಿದ್ದಳು. ಬರೆದೆ. ಅಳಿಸಿದೆ. ಮತ್ತೆ ಬರೆದೆ. ಸುಳ್ಳು ಹೇಳಲು ನನಗೆ ಹಕ್ಕಿಲ್ಲ, ನಿಜ ಹೇಳಲು ಫೋನಿಗೆ ಹಕ್ಕಿಲ್ಲ. ಕೊನೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ, ಶಾಲೆಯ ಹುಡುಗಿಯ ಹಾಗೆ.

ಹನ್ನೊಂದು ದಾಟಿದ ಮೇಲೆ ಮೇಜರ್ ಫೋನ್ ಮಾಡಿದರು. ಹೇಳಿದ್ದೇವೆ, ಹಿಂದಿನ ಕೋಣೆಯಲ್ಲೇ, ಡಾಕ್ಟರ್ ಪಕ್ಕದಲ್ಲಿದ್ದಾರೆ ಎಂದರು. ನಾನು ಥ್ಯಾಂಕ್ಸ್ ಸರ್ ಎಂದೆ. ರೇಡಿಯೋ ತಲೆಯನ್ನು ಮೇಜಿಗೆ ಇಟ್ಟು ಅತ್ತ.

ಆಕೆಯ ಪ್ರಶ್ನೆ ಹಾಗೇ ಇತ್ತು. ಅದರ ಕೆಳಗೆ ಆಕೆಯಿಂದ ಮತ್ತೇನೂ ಬರಲಿಲ್ಲ.

ಏಪ್ರಿಲ್ ೭, ಭಾನುವಾರ

ಇವತ್ತು ರೆಜಿಮೆಂಟಿನವರು ಅವನನ್ನು ಕಳಿಸಿಕೊಟ್ಟರು. ಹೋಗಲಿಲ್ಲ ನಾನು, ಯಾವ ಮುಖ ಇಟ್ಟುಕೊಂಡು ಹೋಗಲಿ. ಪುಟದಲ್ಲಿ ಹಾಕಲು ನಾಲ್ಕು ಸಾಲು ಬರೆಯಬೇಕಿತ್ತು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬರೆದೆ. ಕೆಚ್ಚೆದೆ, ಹೆಮ್ಮೆ, ಅಮರ ಎಲ್ಲ ಬಂದವು, ಎಲ್ಲ ಹೊಡೆದುಹಾಕಿದೆ. ಕೊನೆಗೆ ಉಳಿದಿದ್ದು ಅವನ ಹುದ್ದೆ, ಎಷ್ಟು ನದಿಗಳನ್ನು ದಾಟಿಸಿದ, ಮನೆಯಲ್ಲಿ ಯಾರಿದ್ದಾರೆ, ಇಷ್ಟೇ.

ಚಿಕ್ಕಮ್ಮ ಫೋನ್ ಮಾಡಿದಳು. ನಿನಗೆ ಅವತ್ತು ಬೆಳಿಗ್ಗೆಯೇ ಗೊತ್ತಿತ್ತಲ್ಲವೇ, ನನಗಾದರೂ ಹೇಳಬಾರದಿತ್ತೇ, ಅವನು ಲಕ್ಷಣವಾಗಿ ನಡೀತಾನೆ ಅಂತ ಬರೆದು ಕೂತೆನಲ್ಲೇ ಎಂದಳು. ರೇಗಲಿಲ್ಲ ನಾನು. ನಿನಗೆ ಹೇಳಿದ್ದರೆ ನೀನು ಬರೆಯುತ್ತಿರಲಿಲ್ಲ, ಆಕೆ ಅದನ್ನು ಗಮನಿಸುತ್ತಿದ್ದಳು ಎಂದೆ. ಅವಳು, ಊಟ ಬಿಟ್ಟಿದ್ದೀಯ ಅಂತ ಧ್ವನೀಲೇ ಗೊತ್ತಾಗುತ್ತೆ ಎಂದು ಬೈದಳು.

ಏಪ್ರಿಲ್ ೧೦, ಬುಧವಾರ

ವಿಚಾರಣೆ ನಡೆಯಿತು. ಟೈಮ್ ಹಾಕಿಟ್ಟವಳು ನಾನು, ತೆಗೆಯಲು ಮರೆತವಳೂ ನಾನು ಎಂದು ಬರೆದು ಕೊಟ್ಟೆ. ಇನ್ನು ಮೇಲೆ ಅಭ್ಯಾಸದ ದಿನಗಳಲ್ಲಿ ಟೈಮ್ ಹಾಕಿದ ಯಾವ ಪೋಸ್ಟೂ ಇರಬಾರದು, ಸಾವಿನ ಸುದ್ದಿ ಬಂದಾಗ ಮೊದಲು ನೋಡಬೇಕಾದ್ದು ನಮ್ಮದೇ ಪುಟ, ಆಮೇಲೆ ಹುಡುಗರದು ಎಂದು ಸೇರಿಸಿದೆ. ಕರ್ನಲ್ ಸಾಹೇಬರು ಓದಿ ಸಹಿ ಹಾಕಿದರು. ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ಆ ವಿಡಿಯೋ ಹಾಕಿದ ದಿನದಿಂದ ಹದಿನೈದು ದಿನ ಇರಲಿ, ಆಮೇಲೆ ಕಮೆಂಟುಗಳ ಸಮೇತ ತೆಗೆದುಬಿಡಿ, ನೋಡುವವರಿಗೆ ಚೆನ್ನಾಗಿರುವುದಿಲ್ಲ ಎಂದರು.

ಮಂಡಿ ತೋರಿಸಲು ನಿನ್ನೆ ಆಸ್ಪತ್ರೆಗೆ ಹೋಗಬೇಕಿತ್ತು. ರೇಡಿಯೋ ಇವತ್ತು ನೆನಪಿಸಿದ.

ಏಪ್ರಿಲ್ ೧೬, ಮಂಗಳವಾರ

ನಿನ್ನೆ ಆಕೆಯ ಮನೆಗೆ ಹೋಗಿದ್ದೆ.

ರೆಜಿಮೆಂಟಿನಿಂದ ಯಾರಾದರೂ ಅವನ ಸಾಮಾನು ಒಯ್ಯಬೇಕಿತ್ತು, ನಾನೇ ಕೇಳಿಕೊಂಡೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಾಗಿಲ ಮುಂದೆ ನಿಂತಾಗ ಕೈ ತಟ್ಟಲು ಏಳಲಿಲ್ಲ. ಒಳಗಿನಿಂದ ಮಗು ಕಿಟಕಿಯಲ್ಲಿ ನನ್ನನ್ನು ಕಂಡು ಯಾರೋ ಬಂದಿದ್ದಾರೆ ಎಂದು ಕೂಗಿದ ಮೇಲೆ ಬಾಗಿಲು ತಾನಾಗಿಯೇ ತೆರೆಯಿತು.

ಆಕೆ ನಾನು ಅಂದುಕೊಂಡದ್ದಕ್ಕಿಂತ ಕುಳ್ಳಗಿದ್ದಳು. ಅಂಗಡಿಗೆ ಮತ್ತೆ ಹೋಗುತ್ತಿದ್ದಾಳಂತೆ, ಅದೇ ಹಿಂದಿನ ಕೋಣೆಯಲ್ಲಿ ಕೂತು ಊಟ ಮಾಡುತ್ತಾಳಂತೆ. ಪೆಟ್ಟಿಗೆ ತೆರೆದು ಒಂದೊಂದೇ ಎತ್ತಿ ನೋಡಿದಳು. ಒಂದು ಷರ್ಟನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ನಾನು ಯಾರೆಂದು ಹೇಳಿದೆ. ಪುಟ ನಡೆಸುವವಳು ನಾನೇ, ಆ ವಿಡಿಯೋ ಹೋದದ್ದು ನನ್ನ ತಪ್ಪಿನಿಂದ ಎಂದೆ. ಆಕೆ ಷರ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ನಾನು ಅದನ್ನ ಬರೆದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಆಕೆ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಮಗು ನನ್ನ ಟೋಪಿಯನ್ನು ತನ್ನ ಬೊಂಬೆಗೆ ಹಾಕಿ ತೋರಿಸಿತು, ಬೊಂಬೆಯೇ ಅದರೊಳಗೆ ಮುಳುಗಿಹೋಯಿತು. ಎದ್ದು ಹೋಗಿಬಿಡೋಣ ಎಂದು ಎರಡು ಸಲ ಅಂದುಕೊಂಡೆ. ಆಕೆ ನೀರಿನ ಲೋಟ ತಂದು ನನ್ನ ಮುಂದಿಟ್ಟು ಕೂತಳು.

"ಅವತ್ತು ನಾನು ಮತ್ತೆ ಮತ್ತೆ ನೋಡ್ತಿದ್ದೆ, ನೀವು ಹಾರ್ಟ್ ಹಾಕ್ತೀರೇನೋ ಅಂತ. ಯಾವಾಗ್ಲೂ ಹಾಕ್ತೀರಲ್ಲ. ಹಾಕ್ಲಿಲ್ಲ. ಆಗ್ಲೇ ಇವರಿಗೆ ಫೋನ್ ಮಾಡ್ದೆ, ಆಫ್ ಬಂತು. ಆಮೇಲೆ ಇಬ್ಬರು ಅಂಗಡಿ ಒಳಗೆ ಬಂದ್ರು" ಎಂದಳು.

ನನ್ನನ್ನು ಕ್ಷಮಿಸಿ ಎಂದೆ.

"ಹಾಕಿದ್ದಿದ್ರೆ ಇವತ್ತು ನಿಮ್ಮನ್ನ ಈ ಮನೆ ಒಳ್ಗೆ ಬಿಡ್ತಿರ್ಲಿಲ್ಲ" ಎಂದಳು ಆಕೆ.

ಸಾಮಾನಿಗೆ ಸಹಿ ಮಾಡಿಸಿಕೊಂಡೆ. ಹೊರಡುವಾಗ, ಆ ವಿಡಿಯೋ ಈ ವಾರ ತೆಗೆಯುತ್ತೇವೆ, ನಿಮ್ಮ ಕಮೆಂಟೂ ಹೋಗುತ್ತದೆ, ಇನ್ನು ಯಾರೂ ಅದನ್ನು ನೋಡಿ ಏನಾದರೂ ಅನ್ನುವುದಿಲ್ಲ ಎಂದೆ. ಸಮಾಧಾನದ ಮಾತು ಎಂದುಕೊಂಡೇ ಹೇಳಿದ್ದು. ಆಕೆ ಬಾಗಿಲಿಗೆ ಕೈ ಅಡ್ಡ ಇಟ್ಟಳು.

"ತೆಗೀಬೇಡಿ. ಅದನ್ನ ಬರೆಯುವಾಗ ನನಗೆ ಗಂಡ ಇದ್ರು."

ತೆಗೆಯುವುದಿಲ್ಲ ಎಂದೆ. ಮೆಟ್ಟಿಲು ಇಳಿದು ರಸ್ತೆಗೆ ಬಂದ ಮೇಲೆ ನೆನಪಾಯಿತು, ಕರ್ನಲ್ ಸಾಹೇಬರನ್ನು ನಾನು ಕೇಳಿಯೇ ಇಲ್ಲ.